ತಲೆಯೊಳಗಿನ ಗಡಿಯಾರ ಮತ್ತು ರಾತ್ರಿಯ ಕರೆಂಟು

ಕಾಲವನ್ನು ಅಳೆಯುವ ಸಾಧನಗಳಲ್ಲಿ ನಮಗೆ ಹೆಚ್ಚು ಪರಿಚಿತವಾದದ್ದು ಗೋಡೆಯ ಮೇಲಿನ ಗಡಿಯಾರ. ಅದು ಹತ್ತು ಹೊಡೆದರೆ ತರಗತಿ ಪ್ರಾರಂಭ, ಐದು ಹೊಡೆದರೆ ಮನೆಯ ದಾರಿ. ಅದಕ್ಕೆ ನಾವು ತೋರುವ ಮರ್ಯಾದೆ ಅಷ್ಟಿಷ್ಟಲ್ಲ. ಆದರೆ ಅದಕ್ಕಿಂತ ಎಷ್ಟೋ ಪುರಾತನವಾದ ಇನ್ನೊಂದು ಗಡಿಯಾರವನ್ನು ನಾವೆಲ್ಲರೂ ತಲೆಬುರುಡೆಯೊಳಗೆ ಹೊತ್ತು ತಿರುಗುತ್ತಿದ್ದೇವೆಂಬುದು ಅನೇಕರಿಗೆ ತಿಳಿಯದು. ತಿಳಿದವರೂ ಅದನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ. ಗೋಡೆಯ ಗಡಿಯಾರದ ಮುಳ್ಳನ್ನು ಬೆರಳಿನಿಂದ ತಿರುಗಿಸಬಹುದು. ಒಳಗಿನ ಗಡಿಯಾರದ ಮುಳ್ಳನ್ನು ಸರಕಾರದ ಆಜ್ಞೆಯಿಂದಾಗಲಿ, ಕಾರ್ಖಾನೆಯ ಭೋಂಗಾದಿಂದಾಗಲಿ, ವಿದ್ಯುತ್ತಿನ ವೇಳಾಪಟ್ಟಿಯಿಂದಾಗಲಿ ಹಾಗೆ ತಿರುಗಿಸಲಾಗದು. ಇದನ್ನು ಮರೆತು ವೇಳೆಯನ್ನು ಗೊತ್ತುಪಡಿಸುವವರ ದೆಸೆಯಿಂದ ನಮ್ಮ ಚಿಂಚಲಿ, ರಾಯಬಾಗ, ಕುಡಚಿ, ಅಥಣಿಗಳ ರೈತರು ಏನನ್ನು ಕಳೆದುಕೊಳ್ಳುತ್ತಿದ್ದಾರೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಮಿದುಳಿನ ವಿಚಾರವೇಕೆ ಎಂದು ಗುರುಗಳು ಕೇಳಬಹುದು. ಹೊತ್ತಿನ ವಿಚಾರ ನಮ್ಮ ಭಾಷೆಯದೂ ಹೌದು ಎಂಬುದೇ ನನ್ನ ಸಮಾಧಾನ. ನಮ್ಮ ಹಿರಿಯರು ದಿನವನ್ನು ಇಪ್ಪತ್ನಾಲ್ಕು ಸಮಭಾಗಗಳಾಗಿ ಕತ್ತರಿಸಿದವರಲ್ಲ. ಕೋಳಿ ಕೂಗುವ ಹೊತ್ತು, ನಸುಕು, ಹೊತ್ತೇರು, ಮಟಮಟ ಮಧ್ಯಾಹ್ನ, ದನ ಮನೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು, ನಡುರಾತ್ರಿ ಎಂದು ಅವರು ಹೆಸರಿಟ್ಟರು. ಈ ಹೆಸರುಗಳಲ್ಲಿ ಕಾಲದ ಜೊತೆಗೆ ಕೆಲಸವೂ ಇದೆ, ಬೆಳಕೂ ಇದೆ, ಪ್ರಾಣಿಪಕ್ಷಿಗಳೂ ಇವೆ. ಹಿಂದುಸ್ತಾನಿ ಗಾಯಕರು ಭೈರವವನ್ನು ಬೆಳಗಿಗೂ ಮಾಲಕಂಸವನ್ನು ರಾತ್ರಿಗೂ ಮೀಸಲಿಟ್ಟರು. ಪ್ರತಿಯೊಂದು ಹೊತ್ತಿಗೂ ಅದರದೇ ಒಂದು ಗುಣವಿದೆಯೆಂಬ ಈ ತಿಳಿವಳಿಕೆ ಬರೀ ಕವಿಕಲ್ಪನೆಯಲ್ಲ ಎಂಬುದನ್ನು ವಿಜ್ಞಾನ ಈಗ ತನ್ನ ರೀತಿಯಲ್ಲಿ ತೋರಿಸಿಕೊಟ್ಟಿದೆ.

ಇದರ ಇತಿಹಾಸ ಒಂದು ಸಣ್ಣ ಗಿಡದಿಂದ ಆರಂಭವಾಗುತ್ತದೆ. ಹೊಲದ ಬದುವಿನ ಮೇಲೆ ಬೆಳೆಯುವ ಮುಟ್ಟಿದರೆ ಮುನಿಯನ್ನು ನೋಡದವರಾರು? ಹಗಲು ಎಲೆ ಬಿಚ್ಚಿ ರಾತ್ರಿ ಮುಚ್ಚುವ ಅಂಥ ಗಿಡವೊಂದನ್ನು 1729ರಲ್ಲಿ ಫ್ರಾನ್ಸಿನ ವಿದ್ವಾಂಸ ಡಿ ಮೆರಾನ್ ಎಂಬವನು ಕತ್ತಲೆಯಲ್ಲಿರಿಸಿ ನೋಡಿದನು. ಸೂರ್ಯನ ಬೆಳಕು ಸೋಕದಿದ್ದರೂ ಅದರ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿಕೊಳ್ಳುತ್ತಲೇ ಇದ್ದವು, ರಾತ್ರಿಯ ಹೊತ್ತಿಗೆ ಮುಚ್ಚಿಕೊಳ್ಳುತ್ತಲೇ ಇದ್ದವು. ಅಂದಮೇಲೆ ಗಿಡ ಸೂರ್ಯನಿಗೆ ಬರೀ ಓಗೊಡುತ್ತಿಲ್ಲ. ಹೊತ್ತಿನ ಎಣಿಕೆ ಅದರೊಳಗೇ ಇದೆ. ಸೂಕ್ಷ್ಮಜೀವಿಗಳಿಂದ ಮನುಷ್ಯನವರೆಗೆ ಎಷ್ಟೋ ಜೀವಿಗಳಲ್ಲಿ ಇಂಥ ಎಣಿಕೆಯುಂಟೆಂದು ಮುಂದಿನ ಶೋಧಗಳಿಂದ ತಿಳಿಯಿತು. ಹೆಚ್ಚುಕಡಿಮೆ ಒಂದು ದಿನದ ಆವರ್ತನೆಯುಳ್ಳದ್ದಾದುದರಿಂದ ಇದಕ್ಕೆ 1959ರಲ್ಲಿ ಫ್ರಾಂಜ್ ಹಾಲ್ಬರ್ಗ್ ಎಂಬ ವಿಜ್ಞಾನಿ ಸರ್ಕೇಡಿಯನ್ ಲಯ ಎಂದು ಹೆಸರಿಟ್ಟನು. ನಾವು ಇದನ್ನು ದಿನಲಯ ಎನ್ನೋಣ.

ಮೊಲೆಯುಣಿಸುವ ಪ್ರಾಣಿಗಳಲ್ಲಿ, ಅಂದರೆ ಇಲಿ, ದನ, ಬಾವಲಿ, ಮನುಷ್ಯ ಮೊದಲಾದ ಸಸ್ತನಿಗಳಲ್ಲಿ, ಈ ಗಡಿಯಾರ ಎಲ್ಲಿದೆ ಎಂಬುದು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. 1972ರಲ್ಲಿ ಅಮೆರಿಕೆಯ ಎರಡು ಸಂಶೋಧಕ ತಂಡಗಳು ಬೇರೆಬೇರೆಯಾಗಿ ಇದಕ್ಕೆ ಉತ್ತರ ಕಂಡುಕೊಂಡವು. ಎರಡೂ ಕಣ್ಣುಗಳಿಂದ ಬರುವ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ಹಾಯ್ದು ಹೋಗುವ ಕತ್ತರಿಯಂಥ ಒಂದು ಜಾಗವಿದೆ. ಅದರ ಮೇಲ್ಗಡೆಯೇ ಎಡಕ್ಕೊಂದು, ಬಲಕ್ಕೊಂದು ನರಕೋಶಗಳ ಪುಟ್ಟ ಗುಂಪುಗಳು ಕುಳಿತಿವೆ. ಸುಪ್ರಾಕೈಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಉದ್ದದ ಹೆಸರು ಅವಕ್ಕೆ. ಕತ್ತರಿಯ ಮೇಲಿನ ಗಂಟು ಎಂಬುದು ಅದರ ತಾತ್ಪರ್ಯ. ಎರಡೂ ಗುಂಪು ಕೂಡಿದರೆ ಸುಮಾರು 20,000 ನರಕೋಶಗಳು. ಇವನ್ನು ನಾಶಪಡಿಸಿದ ಇಲಿಗಳು ತಿಂದವು, ಕುಡಿದವು, ಓಡಾಡಿದವು, ನಿದ್ದೆ ಮಾಡಿದವು. ಆದರೆ ಯಾವುದಕ್ಕೂ ಹೊತ್ತುಗೊತ್ತು ಉಳಿಯಲಿಲ್ಲ. 1990ರ ಪ್ರಯೋಗ ಇದಕ್ಕಿಂತ ವಿಸ್ಮಯಕರವಾದದ್ದು. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳಲ್ಲಿ ಹುಟ್ಟಿನಿಂದಲೇ ಸುಮಾರು 20 ತಾಸಿನ ದಿನವುಳ್ಳ ಒಂದು ತಳಿಯಿತ್ತು. ಆ ತಳಿಯ ಭ್ರೂಣದಿಂದ ಈ ಗಂಟನ್ನು ತೆಗೆದು, ಗಂಟು ಕಳೆದುಕೊಂಡಿದ್ದ ಸಾಧಾರಣ ಹ್ಯಾಮ್‌ಸ್ಟರಿನ ಮಿದುಳಿನಲ್ಲಿ ನೆಟ್ಟರು. ಅದು ಅಂದಿನಿಂದ 20 ತಾಸಿಗೊಂದು ದಿನವನ್ನು ಎಣಿಸತೊಡಗಿತು. ಗಡಿಯಾರ ಆ ಗಂಟಿನಲ್ಲಿಯೇ ಇದೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಈ ಗಡಿಯಾರದಲ್ಲಿ ಗಾಲಿಯೂ ಇಲ್ಲ, ಕಮಾನೂ ಇಲ್ಲ. ಕೋಶದೊಳಗಿನ ಕೆಲವು ವಂಶವಾಹಿಗಳು ಒಂದು ಬಗೆಯ ಪ್ರೋಟೀನನ್ನು ತಯಾರಿಸಹೇಳುತ್ತವೆ. ಆ ಪ್ರೋಟೀನು ಸಾಕಷ್ಟು ಕೂಡಿದ ಮೇಲೆ ತಿರುಗಿ ಬಂದು ತನ್ನ ತಯಾರಿಕೆಯನ್ನೇ ತಡೆಯುತ್ತದೆ. ಕ್ರಮೇಣ ಅದು ಕರಗಿಹೋದಾಗ ತಡೆ ಕಳೆದು ತಯಾರಿಕೆ ಮತ್ತೆ ಆರಂಭ. ಕೆರೆ ತುಂಬಿದಾಗ ತಾನಾಗಿ ತೂಬು ಮುಚ್ಚಿ, ಬರಿದಾದಾಗ ತಾನಾಗಿ ತೆರೆದುಕೊಂಡಂತೆ ಈ ವ್ಯವಸ್ಥೆ. ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ದಿನ. 1971ರಲ್ಲಿ ಕೊನೊಪ್ಕ ಮತ್ತು ಬೆಂಜರ್ ಎಂಬವರು ಹಣ್ಣಿನ ನೊಣದಲ್ಲಿ ಇಂಥ ವಂಶವಾಹಿಯ ಮೊದಲ ಸುಳಿವನ್ನು ಹಿಡಿದರು. ಅದರ ಒಳಗುಟ್ಟನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನೊಣದಲ್ಲಿ ಕಂಡ ಈ ಕ್ರಮವೇ ಸ್ವಲ್ಪ ಹೆಚ್ಚುಕಡಿಮೆಯಾಗಿ ನಮ್ಮಲ್ಲಿಯೂ ನಡೆಯುತ್ತಿದೆ.

ಮನುಷ್ಯನ ಒಳಗಡಿಯಾರದ ದಿನ ಸರಾಸರಿಯಲ್ಲಿ 24 ತಾಸಿಗಿಂತ ಸುಮಾರು 11 ಮಿನಿಟು ಹೆಚ್ಚೆಂದು 1999ರಲ್ಲಿ ಪ್ರಕಟವಾದ ಅಭ್ಯಾಸವೊಂದು ತಿಳಿಸುತ್ತದೆ. ಹಾಗಾದರೆ ನಾವು ದಿನಕ್ಕಿಷ್ಟು ಹಿಂದೆ ಬಿದ್ದು ತಿಂಗಳೊಪ್ಪತ್ತಿನಲ್ಲಿ ಹಗಲು ರಾತ್ರಿಗಳನ್ನು ಕಲಸಿಬಿಡಬೇಕಾಗಿತ್ತಲ್ಲವೆ? ಹಾಗಾಗದಂತೆ ದಿನವೂ ಗಡಿಯಾರವನ್ನು ಸರಿಪಡಿಸುವುದು ಬೆಳಕು. ನಮ್ಮ ಕಣ್ಣಿನ ಪರದೆಯಲ್ಲಿ ನೋಡುವುದಕ್ಕಾಗಿ ಇರುವ ಕೋಶಗಳ ಹೊರತು, ಬೆಳಕಿನ ಪ್ರಮಾಣವನ್ನು ಅಳೆದು ಆ ಗಂಟಿಗೆ ವರದಿ ಒಪ್ಪಿಸುವ ಬೇರೊಂದು ಜಾತಿಯ ಕೋಶಗಳಿವೆ. ನೀಲಿ ಬೆಳಕಿಗೆ ಅವು ಹೆಚ್ಚು ಎಚ್ಚರ. ಸಂಜೆ ಬೆಳಕು ಇಳಿದಂತೆ ಮೆಲಟೋನಿನ್ ಎಂಬ ರಸ ರಕ್ತದಲ್ಲಿ ಏರುತ್ತದೆ. ಮೈಯ ಕಾವು ಇಳಿಯುತ್ತ ಹೋಗಿ ನಸುಕಿನ ನಾಲ್ಕೈದು ತಾಸಿನ ಸುಮಾರಿಗೆ ತೀರ ಕೆಳಮಟ್ಟಕ್ಕೆ ಬರುತ್ತದೆ. ಏಳುವ ಮೊದಲೇ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಏರಿ ಶರೀರವನ್ನು ದಿನದ ಕೆಲಸಕ್ಕೆ ಅಣಿಗೊಳಿಸುತ್ತದೆ. ಇವೆಲ್ಲ ನಮ್ಮ ಇಚ್ಛೆಯನ್ನು ಕೇಳಿ ನಡೆಯುವ ಕಾರ್ಯಗಳಲ್ಲ.

ಈ ವಿದ್ಯೆ ಕೇವಲ ಪರದೇಶದ್ದೆಂದು ತಿಳಿಯಬೇಕಾಗಿಲ್ಲ. ಭಾರತದಲ್ಲಿ ಇದಕ್ಕೆ ತಳಹದಿ ಹಾಕಿದವರಲ್ಲಿ ಪ್ರೊಫೆಸರ್ ಎಂ. ಕೆ. ಚಂದ್ರಶೇಖರನ್ ಅಗ್ರಗಣ್ಯರು. ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರೂ ಅವರ ಶಿಷ್ಯರೂ ಹತ್ತಿರದ ಗುಡ್ಡದ ಗವಿಯೊಂದರಲ್ಲಿ ಬಾವಲಿಗಳನ್ನು ಪಂಜರದಲ್ಲಿಟ್ಟು ಪರೀಕ್ಷಿಸಿದರು. ಹೊರಗಿನ ಬೆಳಕು ಕಾಣದ ಆ ಕತ್ತಲೆಯಲ್ಲಿಯೂ, ಸಂಜೆ ಹೊರಹೋಗಿ ಬರುವ ತಮ್ಮ ಬಳಗದ ಸಪ್ಪಳದ ನಡುವೆ ಇರುವ ತನಕ, ಪಂಜರದ ಬಾವಲಿಗಳ ಗಡಿಯಾರ ಸರಿಯಾಗಿ ನಡೆಯುತ್ತಿತ್ತು. ಬಳಗವಿಲ್ಲದ ಗವಿಯಲ್ಲಿ ಅದು ಹಾದಿ ತಪ್ಪಿತು. 1981ರಲ್ಲಿ ಇದು ಪ್ರಕಟವಾಯಿತು. 1985ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಹೊಲದ ಇಲಿಯದು. ತಾಯಿಯನ್ನು ಮರಿಗಳ ಹತ್ತಿರ ಹನ್ನೆರಡು ತಾಸು ಬಿಟ್ಟು, ಹನ್ನೆರಡು ತಾಸು ದೂರವಿರಿಸಿದರೆ, ಮರಿಗಳು ತಾಯಿ ಇರುವ ಹೊತ್ತನ್ನೇ ಹಗಲೆಂದು ಎಣಿಸಿ ತಮ್ಮ ಗಡಿಯಾರವನ್ನು ಹೊಂದಿಸಿಕೊಂಡವು. ಇಲಿ ರಾತ್ರಿ ಸಂಚರಿಸುವ ಪ್ರಾಣಿ. ಹಗಲಿನಲ್ಲಷ್ಟೇ ತಾಯಿ ಬಿಲದಲ್ಲಿ ಮರಿಗಳ ಸಂಗಡ ಇರುತ್ತದಲ್ಲವೆ? ಚಂದ್ರಶೇಖರನ್ ಅವರು ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರಕ್ಕೆ ಬಂದರು. ಹೀಗೆ ಕನ್ನಡನಾಡಿನಲ್ಲಿಯೂ ಈ ಶಾಸ್ತ್ರ ಬೇರೂರಿತು. ಬೆಳಕಷ್ಟೇ ಅಲ್ಲ, ಮನೆಮಂದಿಯ ಒಡನಾಟವೂ ಜೀವಿಯ ಹೊತ್ತನ್ನು ಹದಗೊಳಿಸುತ್ತದೆಂಬುದು ಈ ಪ್ರಯೋಗಗಳ ಸಾರ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಮಿದುಳಿನದು ಪ್ರಧಾನ ಗಡಿಯಾರ, ಅದೊಂದೇ ಅಲ್ಲ. ಯಕೃತ್ತು, ಹೃದಯ, ಜಠರ, ಮಾಂಸಖಂಡ ಇವುಗಳಲ್ಲಿಯೂ ಕಿರುಗಡಿಯಾರಗಳಿವೆ. ನಮ್ಮೂರ ಮಾಯಕ್ಕನ ಜಾತ್ರೆಯಲ್ಲಿ ಡೊಳ್ಳಿನ ಮೇಳವನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ಮುಂದಾಳಿನ ಗತ್ತನ್ನು ಹಿಡಿದು ಉಳಿದವರೆಲ್ಲರೂ ಬಾರಿಸುತ್ತಾರೆ. ನಡುವೆ ಒಬ್ಬನ ಕೈ ತಪ್ಪಿದರೆ ಮೇಳ ಸಾವರಿಸಿಕೊಳ್ಳುತ್ತದೆ. ಅರ್ಧಮಂದಿಗೆ ಬೇರೊಬ್ಬನ ಗತ್ತು ಕೇಳತೊಡಗಿದರೆ ಮೇಳ ಉಳಿಯುವುದಿಲ್ಲ, ಗದ್ದಲ ಉಳಿಯುತ್ತದೆ. ಮಿದುಳಿನ ಗಡಿಯಾರ ಬೆಳಕಿನ ಮಾತನ್ನು ಕೇಳುತ್ತದೆ. ಜಠರ ಯಕೃತ್ತುಗಳ ಗಡಿಯಾರ ಊಟದ ವೇಳೆಯ ಮಾತನ್ನೂ ಕೇಳುತ್ತದೆ. ನಡುರಾತ್ರಿ ಎರಡು ತಾಸಿಗೆ ರೊಟ್ಟಿ ತಿಂದು, ಹಗಲು ಹನ್ನೊಂದಕ್ಕೆ ಮಲಗುವ ಮನುಷ್ಯನ ಒಳಗೆ ನಡೆಯುವುದು ಇಂಥ ಗದ್ದಲವೇ.

ಇನ್ನು ನಮ್ಮ ಸೀಮೆಯ ಮಾತಿಗೆ ಬರೋಣ. ಮೀರಜದಿಂದ ರೈಲಿನಲ್ಲಿ ಬರುವವರು ಉಗಾರ, ಕುಡಚಿ, ಚಿಂಚಲಿ, ರಾಯಬಾಗ ದಾಟುವತನಕ ಕಿಟಕಿಯಾಚೆ ಕಬ್ಬನ್ನೇ ಕಾಣುತ್ತಾರೆ. ಕಬ್ಬು ಹತ್ತು ಹನ್ನೆರಡು ತಿಂಗಳು ನೀರು ಬೇಡುವ ಬೆಳೆ. ಆ ನೀರನ್ನೆತ್ತುವ ಮೋಟಾರಿಗೆ ತ್ರೀ ಫೇಸ್ ಕರೆಂಟು ಬೇಕು. ರೈತರ ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ಎಂದು ಸರಕಾರ ಹೇಳಿಕೊಂಡು ಬಂದಿದೆ. 2023ರ ಬರಗಾಲದಲ್ಲಿ ಅದು 5 ತಾಸಿಗೆ ಇಳಿದದ್ದೂ ಉಂಟು. ಎಷ್ಟು ತಾಸು ಎಂಬುದರ ಬಗ್ಗೆ ಸಭೆಗಳಾಗುತ್ತವೆ, ರಸ್ತೆತಡೆಗಳಾಗುತ್ತವೆ. ಯಾವ ತಾಸು ಎಂಬುದರ ಬಗ್ಗೆ ಅಷ್ಟು ಚರ್ಚೆಯಾಗುವುದಿಲ್ಲ. ನಾನು ಕಂಡಂತೆ, ಹಗಲು ಕೆಲವು ತಾಸು, ರಾತ್ರಿ ಕೆಲವು ತಾಸು ಎಂದು ಹಂಚುವುದುಂಟು. ಒಂದು ವಾರ ಹಗಲು, ಮರುವಾರ ರಾತ್ರಿ ಎಂದು ತಿರುಗಿಸುವುದೂ ಉಂಟು. ನಮ್ಮ ಮನೆಯಲ್ಲಿ ರಾತ್ರಿಪಾಳಿಯ ವಾರ ಬಂತೆಂದರೆ ಅಪ್ಪ ಬ್ಯಾಟರಿ, ಸಲಿಕೆ, ಕಂಬಳಿ ಹಿಡಿದು ಹತ್ತು ಗಂಟೆಗೆ ಹೊಲಕ್ಕೆ ನಡೆಯುತ್ತಾರೆ. ಅಣ್ಣನೂ ನಾನೂ ಸರದಿಯ ಮೇಲೆ ಸಂಗಡ ಹೋಗುತ್ತೇವೆ. ಮೊಬೈಲಿನಿಂದಲೇ ಮೋಟಾರು ಚಾಲೂ ಮಾಡುವ ಸಾಧನ ಬಂದಿರುವಾಗ ಹೊಲಕ್ಕೇಕೆ ಹೋಗಬೇಕೆಂದು ಪೇಟೆಯ ಗೆಳೆಯರು ಕೇಳುವುದುಂಟು. ಮೋಟಾರು ತಾನಾಗಿ ಚಾಲೂ ಆದೀತು. ಸಾಲು ತುಂಬಿದ ಮೇಲೆ ಮಣ್ಣು ಕಡಿದು ಮುಂದಿನ ಸಾಲಿಗೆ ನೀರು ತಿರುವಲು ಮನುಷ್ಯನೇ ಬೇಕು.

"ಏನು ಮಹಾ! ಅಭ್ಯಾಸವಾದರೆ ಎಲ್ಲವೂ ಸರಿಹೋಗುತ್ತದೆ" ಎಂಬುದು ಮೊದಲನೆಯ ಆಕ್ಷೇಪಣೆ. ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಒಳಗಡಿಯಾರ ಹೊಸ ವೇಳೆಗೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ತಾಸಿನ ಲೆಕ್ಕದಲ್ಲಿ. ಹಗಲನ್ನು ರಾತ್ರಿಯಾಗಿ ತಿರುಗಿಸಬೇಕಾದರೆ ಹತ್ತು ಹನ್ನೆರಡು ದಿನವಾದರೂ ಬೇಕು. ಅಷ್ಟರಲ್ಲಿ ವಾರ ಮುಗಿದು ಪಾಳಿ ಬದಲಾಗಿರುತ್ತದೆ. ಅದೂ ಹೋಗಲಿ, ರಾತ್ರಿಯೆಲ್ಲ ನೀರು ಹಾಯಿಸಿದವನು ಬೆಳಗಿನ ಬಿಸಿಲಿನಲ್ಲಿಯೇ ಮನೆಗೆ ಬರುತ್ತಾನೆ. ಆ ಬಿಸಿಲು ಮಿದುಳಿಗೆ 'ಬೆಳಗಾಯಿತು' ಎಂದು ಸಾರಿಬಿಡುತ್ತದೆ. ಮನೆಯಲ್ಲಿ ಹೆಂಗಸರು ಎದ್ದಿದ್ದಾರೆ, ಎಮ್ಮೆ ಹಿಂಡಬೇಕು, ಮಕ್ಕಳು ಶಾಲೆಗೆ ಹೊರಟಿದ್ದಾರೆ, ಬಾಗಿಲಿಗೆ ಬಂದವರು ಕೂಗುತ್ತಿದ್ದಾರೆ. ಮದುರೈಯ ಬಾವಲಿಗಳ ಮಾತನ್ನು ಇಲ್ಲಿ ನೆನೆಯಬೇಕು. ಬಳಗವೆಲ್ಲ ಹಗಲನ್ನು ಬಾಳುತ್ತಿರುವಾಗ ಒಬ್ಬನೇ ರಾತ್ರಿಯನ್ನು ಹಗಲೆಂದು ಎಣಿಸುವುದು ಹೇಗೆ? ವರ್ಷಗಟ್ಟಲೆ ರಾತ್ರಿ ದುಡಿದವರಲ್ಲಿಯೂ ಪೂರ್ಣವಾಗಿ ಒಗ್ಗಿಕೊಂಡವರು ಸ್ವಲ್ಪವೇ ಮಂದಿ ಎಂಬುದು ಈ ವಿಷಯದ ಅಭ್ಯಾಸಗಳಿಂದ ಕಂಡುಬಂದಿದೆ. ಅವರ ಹಗಲುನಿದ್ರೆ ಗಿಡ್ಡದ್ದು, ತುಂಡುತುಂಡಾದದ್ದು.

ಪರಿಣಾಮವೇನು? ನಸುಕಿನ ಮೂರರಿಂದ ಐದರವರೆಗೆ ಮೈಯ ಕಾವು ಕುಗ್ಗಿ ಎಚ್ಚರ ತೀರ ಮಂದವಾಗುವ ಹೊತ್ತು. ಆಗ ಮನುಷ್ಯ ಕಣ್ಣು ತೆರೆದಿದ್ದರೂ ಮನಸ್ಸು ಅರೆನಿದ್ರೆಯಲ್ಲಿರುತ್ತದೆ. ಅದೇ ಹೊತ್ತಿಗೆ ನಮ್ಮ ರೈತ ಒದ್ದೆ ಕಾಲಿನಲ್ಲಿ ನಿಂತು ಸ್ಟಾರ್ಟರಿನ ಪೆಟ್ಟಿಗೆಗೆ ಕೈ ಹಾಕುತ್ತಾನೆ. ಕಟ್ಟೆಯಿಲ್ಲದ ಬಾವಿಯ ಅಂಚಿನಲ್ಲಿ ನಡೆಯುತ್ತಾನೆ. ಹಾವಿಗೂ ಒಂದು ಒಳಗಡಿಯಾರವುಂಟು. ನಮ್ಮ ಕಡೆಯ ವಿಷದ ಹಾವುಗಳಲ್ಲಿ ಕೆಲವಕ್ಕೆ ಬೇಟೆಯ ಸಮಯವೇ ರಾತ್ರಿ. ಅವು ಹುಡುಕುವ ಇಲಿ ಹೊರಬೀಳುವುದೂ ಆಗಲೇ. ಮಲಗು ಎಂದು ತನ್ನ ಗಡಿಯಾರ ಹೇಳುತ್ತಿರುವ ಮನುಷ್ಯನೂ, ಹೊರಡು ಎಂದು ತನ್ನ ಗಡಿಯಾರ ಹೇಳಿದ ಹಾವೂ ಒಂದೇ ಬದುವಿನ ಮೇಲೆ ಎದುರಾಗುತ್ತವೆ. ಮರುದಿನ ಊರಿನಲ್ಲಿ ಜನ ಅದನ್ನು ಹಣೆಬರಹ ಎನ್ನುತ್ತಾರೆ. ಅದರಲ್ಲಿ ಹಣೆಬರಹದ ಪಾಲೆಷ್ಟು, ವೇಳಾಪಟ್ಟಿಯ ಪಾಲೆಷ್ಟು ಎಂಬುದನ್ನು ನಾವು ವಿದ್ಯಾವಂತರಾದವರು ವಿಚಾರಿಸಬೇಡವೆ?

ರಾತ್ರಿಯ ದುಡಿಮೆಯೆಲ್ಲವೂ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಉಗಾರದಲ್ಲಿ 1939ರಷ್ಟು ಹಿಂದೆಯೇ ಸಕ್ಕರೆಯ ಕಾರ್ಖಾನೆ ಸ್ಥಾಪನೆಯಾಯಿತು. ಆಮೇಲೆ ಈ ಭಾಗದಲ್ಲಿ ಇನ್ನೂ ಅನೇಕ ಕಾರ್ಖಾನೆಗಳಾದವು. ಕಡಿದ ಕಬ್ಬು ಕಾಯುವುದಿಲ್ಲ, ಹಿಂಡಿದ ರಸ ಹುಳಿಯಾಗುತ್ತದೆ; ಆದುದರಿಂದ ಹಂಗಾಮಿನಲ್ಲಿ ಅವು ಹಗಲಿರುಳು ನಡೆಯಲೇಬೇಕು. ಆಸ್ಪತ್ರೆಯ ದಾದಿ, ರೈಲಿನ ಸ್ಟೇಶನ್ ಮಾಸ್ತರ, ಪೊಲೀಸ್ ಇವರು ಮಲಗಿದರೆ ಲೋಕ ನಡೆಯದು. ಆದರೂ ಇಂಥ ದುಡಿಮೆಗೆ ಶರೀರ ತೆರುವ ಬೆಲೆ ಅಲ್ಪವಲ್ಲ. ಜಾಗತಿಕ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಮಂಡಳಿಯು ದಿನಲಯವನ್ನು ಕೆಡಿಸುವ ಪಾಳಿಯ ಕೆಲಸ ಮನುಷ್ಯನಿಗೆ ಕ್ಯಾನ್ಸರನ್ನು ತರುವ ಸಂಭವವುಂಟೆಂದು 2007ರಲ್ಲಿ ಅಭಿಪ್ರಾಯಪಟ್ಟಿತು. 2019ರಲ್ಲಿ ರಾತ್ರಿಪಾಳಿಯ ಬಗ್ಗೆ ಅದನ್ನೇ ಮತ್ತೆ ಹೇಳಿತು. ಮಧುಮೇಹ, ಹೃದ್ರೋಗಗಳ ಸಂಬಂಧವನ್ನೂ ಅನೇಕ ಅಭ್ಯಾಸಗಳು ತೋರಿಸಿವೆ. ಆದುದರಿಂದ ಅನಿವಾರ್ಯವಾದ ರಾತ್ರಿಗೆಲಸ ಬೇರೆ, ತಪ್ಪಿಸಬಹುದಾದ ರಾತ್ರಿಗೆಲಸ ಬೇರೆ. ಕಬ್ಬಿಗೆ ನೀರು ರಾತ್ರಿಯೇ ಬೇಕೆಂಬ ಹಟ ಇಲ್ಲ. ಅದು ತಪ್ಪಿಸಬಹುದಾದದ್ದು.

ಇದು ರೈತನ ಹೊಲದಲ್ಲಿಯೇ ಮುಗಿಯುವ ಮಾತಲ್ಲ; ನಮ್ಮ ತರಗತಿಯ ಬಾಕಿನವರೆಗೂ ಬಂದಿದೆ. ನಮ್ಮ ಕಾಲೇಜಿನಲ್ಲಿ ಹೊಲಮನೆಯಿಂದ ಬರುವವರ ಸಂಖ್ಯೆಯೇನೂ ಸಣ್ಣದಲ್ಲ. ರಾತ್ರಿಯ ವಾರದಲ್ಲಿ ನೀರು ಹಾಯಿಸಿ, ನಸುಕಿನಲ್ಲಿ ಒಂದೆರಡು ತಾಸು ಕಣ್ಣು ಮುಚ್ಚಿ, ಬಸ್ಸು ಹಿಡಿದು ಬರುವ ಗೆಳೆಯರನ್ನು ನಾನು ಬಲ್ಲೆ. ಅವರು ತೂಕಡಿಸಿದರೆ ನಾವು ನಗುತ್ತೇವೆ, ಗುರುಗಳು ಗದರುತ್ತಾರೆ. ಹದಿಹರೆಯದಲ್ಲಿ ಒಳಗಡಿಯಾರ ಸಹಜವಾಗಿಯೇ ತಡವಾಗಿ ನಡೆಯುತ್ತದೆ. ಇಪ್ಪತ್ತರ ಆಸುಪಾಸಿನವರೆಗೆ ಬೇಗ ನಿದ್ರೆ ಹತ್ತದು, ಬೇಗ ಎಚ್ಚರವಾಗದು. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ. ಹೀಗಿರುವಾಗ ನಿದ್ರೆಗೆಟ್ಟ ಹುಡುಗನಿಗೆ ಕಡಿಮೆ ಅಂಕ ಬಂದರೆ ಅದನ್ನು ಅವನ ದಡ್ಡತನದ ಲೆಕ್ಕಕ್ಕೆ ಬರೆಯುವುದು ನ್ಯಾಯವೆ? ಪಟ್ಟಣದಲ್ಲಿ ರಾತ್ರಿ ಹತ್ತಕ್ಕೆ ಮಲಗಿದವನೂ ಇವನೂ ಒಂದೇ ಪ್ರಶ್ನಪತ್ರಿಕೆಯನ್ನು ಬರೆಯುತ್ತಾರೆ. ಹೊಲದ ಕೆಲಸವಿಲ್ಲದಿದ್ದರೂ ಮೊಬೈಲನ್ನು ಮುಖದೆದುರು ಹಿಡಿದು ನಡುರಾತ್ರಿಯವರೆಗೆ ಎಚ್ಚರವಿರುವ ಸಹಪಾಠಿಗಳಿಗೂ ಒಂದು ಮಾತು. ಆ ನೀಲಿ ಬೆಳಕು ಸಂಜೆಯನ್ನು ಮುಂದೂಡಿ ಮಿದುಳಿಗೆ ಸುಳ್ಳು ಹೇಳುತ್ತದೆ. ರೈತನ ಮಗ ನಿರುಪಾಯನಾಗಿ ಕಳೆದುಕೊಳ್ಳುವುದನ್ನು ನೀವು ಖುಷಿಯಿಂದ ಚೆಲ್ಲುತ್ತಿದ್ದೀರಿ.

"ನಮ್ಮ ಜನ ಜಾಗರಣೆಗೆ ಅಂಜಿದವರಲ್ಲ, ಜಾತ್ರೆ, ಭಜನೆ, ಬಯಲಾಟಗಳಲ್ಲಿ ಬೆಳತನಕ ಕೂಡುತ್ತಿರಲಿಲ್ಲವೆ?" ಎಂದು ಹಿರಿಯರು ಹೇಳುವುದುಂಟು. ಹೌದು. ಭಾರತ ಹುಣ್ಣಿಮೆಯ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಚಕ್ಕಡಿ ಹೂಡಿಕೊಂಡು ಜನ ಚಿಂಚಲಿಗೆ ಬರುತ್ತಾರೆ. ಭಂಡಾರದಲ್ಲಿ ಮಿಂದು ಇರುಳೆಲ್ಲ ಡೊಳ್ಳು ಬಾರಿಸುತ್ತಾರೆ. ಆದರೆ ಅದು ಊರೆಲ್ಲ ಕೂಡಿ, ತಾನಾಗಿ ಒಪ್ಪಿ, ವರ್ಷದಲ್ಲಿ ನಾಲ್ಕಾರು ಸಲ ಮಾಡುವ ಜಾಗರಣೆ. ಮರುದಿನ ಊರೆಲ್ಲ ಮಲಗುತ್ತದೆ. ಒಬ್ಬಂಟಿಯಾಗಿ, ಬೇರೆಯವರು ಗೊತ್ತುಮಾಡಿದ ಹೊತ್ತಿಗೆ, ವರ್ಷದ ಅರ್ಧ ವಾರಗಳಲ್ಲಿ ಎಚ್ಚರವಿರುವುದನ್ನು ಅದರೊಡನೆ ಹೋಲಿಸಲಾಗದು.

ಎರಡನೆಯ ಆಕ್ಷೇಪಣೆ ನೀರಿನದು. ರಾತ್ರಿ ಹಾಯಿಸಿದ ನೀರು ಬಿಸಿಲಿಗೆ ಆರಿಹೋಗದೆ ಉಳಿಯುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ ಬೆಳಗಿನ ಹೊತ್ತೇರುವ ಮುನ್ನ ಮತ್ತು ಇಳಿಹೊತ್ತಿನಲ್ಲಿ ಹಾಯಿಸಿದರೂ ಆ ಲಾಭದ ಬಹುಪಾಲು ದೊರೆಯುತ್ತದೆ. ಹನಿ ನೀರಾವರಿಯಿಂದ ಅದಕ್ಕಿಂತ ಹೆಚ್ಚು ಉಳಿತಾಯವುಂಟು. ನೀರನ್ನು ಉಳಿಸುವುದಕ್ಕೆ ಮನುಷ್ಯನನ್ನು ಆರಿಸಬೇಕಾಗಿಲ್ಲ.

ಮೂರನೆಯದು ವಿದ್ಯುತ್ತಿನ ಲೆಕ್ಕ, ಇದೇ ಬಲವಾದದ್ದು. ಹಗಲು ಕಚೇರಿ ಕಾರ್ಖಾನೆಗಳಿಗೆ ಬೇಡಿಕೆ ಹೆಚ್ಚು. ರಾತ್ರಿ ಊರು ಮಲಗಿದ ಮೇಲೆ ಉಳಿಯುವ ಕರೆಂಟನ್ನು ರೈತನಿಗೆ ಕೊಡುವುದು ರೂಢಿ. ಕಲ್ಲಿದ್ದಲಿನ ಕಾಲದಲ್ಲಿ ಇದಕ್ಕೆ ಅರ್ಥವಿತ್ತು, ಏಕೆಂದರೆ ಆ ಸ್ಥಾವರಗಳನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವುದು ಸುಲಭವಲ್ಲ. ಆದರೆ ಕಾಲ ಬದಲಾಗಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಸ್ಥಾವರ 2019ರ ಹೊತ್ತಿಗೆ ಪೂರ್ಣಗೊಂಡಿತು. ಸೂರ್ಯನಿಂದ ಬರುವ ವಿದ್ಯುತ್ತು ಅತಿ ಹೆಚ್ಚಾಗಿರುವುದು ನಡುಹಗಲಿನಲ್ಲಿ. ರಾತ್ರಿ ಅದು ಸೊನ್ನೆ. ಪಂಪ್‌ಸೆಟ್ಟುಗಳಿಗೆ ಸೌರಶಕ್ತಿ ಒದಗಿಸುವ ಕುಸುಮ್ ಯೋಜನೆಯನ್ನು ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿತು. ರೈತರಿಗೆ ಹಗಲು ವಿದ್ಯುತ್ತು ಎಂಬುದನ್ನೇ ಗುರಿಯಾಗಿಟ್ಟುಕೊಂಡು ಗುಜರಾತ 2020ರಲ್ಲಿ ಒಂದು ಯೋಜನೆಯನ್ನು ಕೈಗೊಂಡಿತು. ಅದಕ್ಕೂ ಮುಂಚೆ, 2017ರಲ್ಲಿಯೇ, ನಮ್ಮ ನೆರೆಯ ಮಹಾರಾಷ್ಟ್ರ ಸೌರಶಕ್ತಿಯ ಆಧಾರದ ಮೇಲೆ ಅಂಥ ಹೆಜ್ಜೆಯಿಟ್ಟಿತ್ತು. ನಮ್ಮ ರಾಜ್ಯದ ನಿರಂತರ ಜ್ಯೋತಿ ಯೋಜನೆಯಿಂದ ಊರ ದೀಪದ ತಂತಿ ಬೇರೆ, ಪಂಪ್‌ಸೆಟ್ಟಿನ ತಂತಿ ಬೇರೆ ಎಂದು ವಿಂಗಡಿಸುವ ಕೆಲಸ ನಡೆದಿದೆ. ಹಾಗೆ ವಿಂಗಡಿಸಿದ ಕಡೆ, ಹೊಲಕ್ಕೆ ಯಾವ ಹೊತ್ತಿಗೆ ಕರೆಂಟು ಬಿಡಬೇಕೆಂಬುದನ್ನು ತೀರ್ಮಾನಿಸುವುದು ಸುಲಭ. ಹಳೆಯ ಕಾರಣ ಸಡಿಲವಾಗಿರುವಾಗ ಹಳೆಯ ವೇಳಾಪಟ್ಟಿ ಮಾತ್ರ ಬಿಗಿಯಾಗಿ ಉಳಿಯಬೇಕೆ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದಾಗಿ, ಪಂಪ್‌ಸೆಟ್ಟಿನ ವಿದ್ಯುತ್ತನ್ನು ನಸುಕಿನ ಐದರಿಂದ ರಾತ್ರಿ ಒಂಬತ್ತರೊಳಗೆ ಒದಗಿಸುವ ಗುರಿಯನ್ನು ನಮ್ಮ ರಾಜ್ಯವೂ ಇಟ್ಟುಕೊಳ್ಳಬೇಕು. ಅದು ಕೈಗೂಡುವತನಕ ವಾರವಾರಕ್ಕೂ ಪಾಳಿ ತಿರುಗಿಸುವುದನ್ನಾದರೂ ಬಿಡಬೇಕು. 1982ರಲ್ಲಿ ಅಮೆರಿಕೆಯ ಉಟಾ ಪ್ರಾಂತದ ಖನಿಜ ಕಾರ್ಖಾನೆಯೊಂದರಲ್ಲಿ ನಡೆದ ಪ್ರಯೋಗದ ವರದಿ ಪ್ರಕಟವಾಯಿತು. ಅಲ್ಲಿ ವಾರಕ್ಕೊಮ್ಮೆ ಹಿಮ್ಮೊಗವಾಗಿ ತಿರುಗುತ್ತಿದ್ದ ಪಾಳಿಯನ್ನು ಮೂರು ವಾರಕ್ಕೊಮ್ಮೆ, ಅದೂ ಹಗಲಿನಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಎಂದು ಮುಮ್ಮೊಗವಾಗಿ ಬದಲಿಸಿದಾಗ ಕೆಲಸಗಾರರ ನೆಮ್ಮದಿಯೂ ಹೆಚ್ಚಿತು, ಉತ್ಪಾದನೆಯೂ ಹೆಚ್ಚಿತು. ನಮ್ಮ ಒಳಗಡಿಯಾರದ ದಿನ 24 ತಾಸಿಗಿಂತ ಕೊಂಚ ಉದ್ದವಾದದ್ದರಿಂದ ಅದಕ್ಕೆ ಮುಂದಕ್ಕೆ ಸರಿಯುವುದು ಸುಲಭ, ಹಿಂದಕ್ಕೆ ಸರಿಯುವುದು ಕಷ್ಟ. ಸಕ್ಕರೆ ಕಾರ್ಖಾನೆಗಳೂ ಈ ಪಾಠವನ್ನು ಗಮನಿಸಬಹುದು. ಕೊನೆಯದಾಗಿ ನಮ್ಮ ಕಾಲೇಜಿಗೆ ಒಂದು ವಿನಂತಿ: ರಾತ್ರಿಯ ವಾರದಲ್ಲಿ ಹೊಲ ಕಾಯುವ ವಿದ್ಯಾರ್ಥಿ ಬೆಳಗಿನ ಮೊದಲ ತಾಸಿಗೆ ತಡವಾಗಿ ಬಂದರೆ, ಹಾಜರಿಯ ಪುಸ್ತಕ ಮುಚ್ಚುವ ಮುನ್ನ ಒಂದು ಸಲ ಕಾರಣವನ್ನು ಕೇಳಿರಿ.

ಸ್ವಾತಂತ್ರ್ಯವೆಂದರೆ ಮತ, ಮಾತು, ಆಸ್ತಿ ಇವುಗಳ ಹಕ್ಕೆಂದು ನಾವು ರಾಜ್ಯಶಾಸ್ತ್ರದ ತರಗತಿಯಲ್ಲಿ ಓದುತ್ತೇವೆ. ತನ್ನ ಶರೀರಕ್ಕೆ ಸಹಜವಾದ ಹೊತ್ತಿನಲ್ಲಿ ದುಡಿದು, ಸಹಜವಾದ ಹೊತ್ತಿನಲ್ಲಿ ಮಲಗುವುದೂ ಅವುಗಳ ಸಾಲಿಗೆ ಸೇರತಕ್ಕದ್ದೆಂದು ನಾನು ಭಾವಿಸುತ್ತೇನೆ. ಉಳ್ಳವರು ಈ ಹಕ್ಕನ್ನು ಹೆಸರು ಹೇಳದೆಯೇ ಅನುಭವಿಸುತ್ತಿದ್ದಾರೆ. ಇಲ್ಲದವರಿಗೆ ಅದು ತಮ್ಮ ಹಕ್ಕೆಂಬುದೇ ಗೊತ್ತಿಲ್ಲ. ಸಹಪಾಠಿಗಳೇ, ನಾಳೆ ನಮ್ಮಲ್ಲಿ ಕೆಲವರು ಕಚೇರಿಗಳಲ್ಲಿ, ಪಂಚಾಯತಿಗಳಲ್ಲಿ, ಶಾಲೆಗಳಲ್ಲಿ ಕುಳಿತು ಬೇರೆಯವರ ವೇಳೆಯನ್ನು ಗೊತ್ತುಮಾಡುವವರಾಗುತ್ತೇವೆ. ಅಂದು ಕಾಗದದ ಮೇಲೆ ತಾಸುಗಳನ್ನು ಬರೆಯುವಾಗ, ಆ ತಾಸಿನಲ್ಲಿ ಎದ್ದು ನಿಲ್ಲಬೇಕಾದ ಮನುಷ್ಯನ ತಲೆಯೊಳಗಿನ ಗಡಿಯಾರ ಎಷ್ಟು ಹೊಡೆದಿದೆ ಎಂಬುದನ್ನೂ ಒಮ್ಮೆ ಕೇಳಿಕೊಳ್ಳೋಣ.